ಕೂತು ಗೆಲ್ಲುತ್ತಿದ್ದ ಬಾಲಿಯ ಅಕ್ಕ

ಮೊಮ್ಮಗಳು ಬಾಲಿ ದ್ವೀಪಕ್ಕೆ ಹೋಗಿ ಬಂದು ನಡುಮನೆಯಲ್ಲಿ ಸೂಟ್‌ಕೇಸ್ ಬಿಚ್ಚಿದಳು. ಬಟ್ಟೆಗಳ ಸಂದಿಯಿಂದ ಅಂಗೈಯಗಲದ ಒಂದು ಗರಿಯ ತಟ್ಟೆ ಜಾರಿ ನನ್ನ ಕಾಲ ಹತ್ತಿರ ಬಿತ್ತು. ಎಳೆಯ ತೆಂಗಿನ ಗರಿಯನ್ನು ಮಡಿಸಿ, ಮೂಲೆ ಮೂಲೆಗೆ ಕಡ್ಡಿ ಚುಚ್ಚಿ ಮಾಡಿದ್ದು. ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದೆ. ಬಾಡಿದ ಗರಿಯ ವಾಸನೆ, ಅದರ ಹಿಂದೆ ಸ್ವಲ್ಪ ಊದುಬತ್ತಿ...

"ಅಜ್ಜೀ, ಅದು ಶಾಪ್‌ವಾಲಿ ಫ್ರೀ ಕೊಟ್ಟಳು. ನಾನು ಎಷ್ಟು ಬಾರ್ಗೇನ್ ಮಾಡಿದೆ, ಮಾಲೂಮ್ ಹೈ? ಅವಳು ನಗ್ತಾನೇ ಇದ್ದಳು," ಅಂದಳು ಮೊಮ್ಮಗಳು. ಆಮೇಲೆ ಮೊಬೈಲಿನಲ್ಲಿ ದೇವಸ್ಥಾನಗಳ ಫೋಟೋ ತೋರಿಸತೊಡಗಿದಳು. "ಇದನ್ನ ಮಾಡ್ಲಿಕ್ಕೆ ನನಗ ಬರ್ತದ," ಎಂದು ನಾನು ತಟ್ಟೆ ತೋರಿಸಿದೆ. ಸಾಂತಾಕ್ರೂಜಿನ ಈ ಫ್ಲ್ಯಾಟ್ ಬಿಟ್ಟು ತರಕಾರಿ ಅಂಗಡಿಗೂ ಹೋಗದ ಅಜ್ಜಿಗೆ ಬಾಲಿಯ ತಟ್ಟೆ ಮಾಡಲು ಹೇಗೆ ಬಂದೀತು? ಅವಳು ನಂಬಲಿಲ್ಲ. ನಂಬಿಸುವ ಗೋಜಿಗೆ ನಾನೂ ಹೋಗಲಿಲ್ಲ. ಆದರೆ ಆ ಮಧ್ಯಾಹ್ನ ನನಗೆ ನಿದ್ದೆ ಹತ್ತಲಿಲ್ಲ.

ಐವತ್ತರ ದಶಕ ಅದು. ನನಗೆ ಆಗ ಹತ್ತೋ ಹನ್ನೊಂದೋ. ದಾದರಿನ ಚಾಳಿನ ಎರಡನೆಯ ಮಾಳಿಗೆಯಲ್ಲಿ ನಮ್ಮದು ಒಂದು ದೊಡ್ಡ ಖೋಲಿ, ಅದಕ್ಕಂಟಿಕೊಂಡು ಇನ್ನೊಂದು ಸಣ್ಣ ಖೋಲಿ. ಧಾರವಾಡದಿಂದ ಬಂದ ಅಪ್ಪ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು. ಸಣ್ಣ ಖೋಲಿಯಲ್ಲಿದ್ದ ನಮ್ಮ ಅಜ್ಜ ತೀರಿಕೊಂಡ ಮೇಲೆ ಅದು ಖಾಲಿ ಬಿದ್ದಿತ್ತು. ಜೂನ್ ತಿಂಗಳ ಒಂದು ಸಂಜೆ ಅಪ್ಪ ತಮ್ಮ ಹಿಂದೆ ಒಬ್ಬ ಹುಡುಗಿಯನ್ನು ಕರೆದುಕೊಂಡು, ಖೋಲಿಗಳ ಮುಂದಿನ ಉದ್ದನೆಯ ಗ್ಯಾಲರಿಯಲ್ಲಿ ಬಂದರು. ಕೈಯಲ್ಲಿ ತಗಡಿನ ಟ್ರಂಕು, ತೊಯ್ದ ಕೂದಲು, ಮುಖದ ತುಂಬಾ ನಗು. ಬಾಲಿಯಿಂದ ಅಪ್ಪನ ಕಾಲೇಜಿಗೆ ಪ್ರಾಚೀನ ಇತಿಹಾಸ ಓದಲು ಬಂದವಳಂತೆ. ಹಾಸ್ಟೆಲಿನ ಊಟ ಒಗ್ಗದೆ ವಾರಗಟ್ಟಲೆ ಹೊಟ್ಟೆ ಕೆಡಿಸಿಕೊಂಡಿದ್ದಳಂತೆ. "ಮನೀ ಊಟ ಸಿಗೋ ಜಾಗಾ ಇದ್ರ ಹೇಳ್ರಿ ಅಂತ ಕೇಳಿದ್ಲು," ಎಂದು ಅಪ್ಪ ಅಪರಾಧಿಯಂತೆ ನಿಂತರು.

ಅವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ನಮ್ಮ ಅವ್ವ ಯಾರನ್ನೂ ಸುಲಭಕ್ಕೆ ಒಪ್ಪುವವಳಲ್ಲ. "ಯಾವ ಮಂದಿ? ಏನ್ ತಿಂತಾಳ?" ಎಂದು ಅಪ್ಪನನ್ನೇ ಕೇಳಿದಳು. ಅವರೂ ಹಿಂದೂಗಳೇ, ಅಲ್ಲಿಯೂ ಶಿವ, ವಿಷ್ಣು, ಬ್ರಹ್ಮ ಇದ್ದಾರೆ ಎಂದು ಅಪ್ಪ ಹೇಳಿದರೆ ಅವ್ವನಿಗೆ ಅರ್ಧ ನಂಬಿಕೆ. ಸಮುದ್ರದಾಚೆಗೂ ನಮ್ಮ ದೇವರ ಸಂಸಾರ ಹಬ್ಬಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಆ ಹುಡುಗಿ ಚಪ್ಪಲಿಯನ್ನು ಗೋಡೆಗೆ ಒತ್ತಿ ಸಾಲಾಗಿ ಬಿಟ್ಟು, ಕಾಲು ತೊಳೆದು, ನೆಲದ ಮೇಲೆ ಕಾಲು ಮಡಿಚಿ ಕೂತಳು. ಚಪ್ಪಲಿ ಬಿಟ್ಟ ರೀತಿ ನೋಡಿಯೇ ಅವ್ವ ಸೋತಳೆಂದು ಕಾಣುತ್ತದೆ. ಒಲೆಯ ಮೇಲೆ ಅನ್ನಕ್ಕಿಟ್ಟಳು.

ಹಾಗೆ ಅವಳು ನಮಗೆ ಅಕ್ಕ ಆದಳು. ಮನೆಯಲ್ಲಿ ನಮ್ಮ ಊಟವನ್ನೇ ಉಂಡಳು. ಮೀನಿನ ಆಸೆ ತಡೆಯದಾದಾಗ ಗಿರಗಾಂವದ ಕಡೆ ಒಂದು ಖಾನಾವಳಿಗೆ ಹೋಗಿ ತಿಂದು, ಬಂದವಳೇ ಸ್ನಾನ ಮಾಡಿ ಅಡಿಗೆ ಮನೆಗೆ ಕಾಲಿಡುತ್ತಿದ್ದಳು. ಅವ್ವ ಏನೂ ಕೇಳುತ್ತಿರಲಿಲ್ಲ, ಬಿಸಿನೀರು ಮಾತ್ರ ಕಾಯಿಸಿಟ್ಟಿರುತ್ತಿದ್ದಳು. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಅಕ್ಕ ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುತ್ತಿದ್ದಳು. ಚಾಳಿನವರು ಮಾತ್ರ ಅವಳನ್ನು "ಚೀನೀ ಬಾಯಿ", ಚೀನದ ಹೆಂಗಸು, ಎನ್ನುತ್ತಿದ್ದರು. ಎಷ್ಟು ತಿದ್ದಿದರೂ ಅವರಿಗೆ ಬಾಲಿ ಎಲ್ಲಿದೆಯೆಂದು ಹೊಳೆಯಲಿಲ್ಲ. ನಾನು ಶಾಲೆಯ ಅಟ್ಲಾಸ್ ತಂದು ತೋರಿಸಿದೆ. ಸಾಸಿವೆಯಷ್ಟು ಚುಕ್ಕೆ ನೋಡಿ, "ಇದರಾಗ ಮಂದಿ ಹೆಂಗ ಇರ್ತಾರ?" ಎಂದು ಅವ್ವನೇ ಕೇಳಿದಳು.

ಇನ್ನು ಬಜಾರಿನ ಮಾತು. ಚೌಕಾಸಿಯಲ್ಲಿ ನಮ್ಮ ಚಾಳಿಗೆ ಅವ್ವನೇ ಗುರು. ಅವಳ ಪದ್ಧತಿ ಹೀಗೆ: ಅಂಗಡಿಯವನು ಬೆಲೆ ಹೇಳುತ್ತಲೇ ಹೌಹಾರಬೇಕು, ಸಾಮಾನನ್ನು ಬೇಡದವಳಂತೆ ಇಟ್ಟುಬಿಡಬೇಕು, ತಿರುಗಿ ನಡೆಯಬೇಕು. ಅವನು ಕರೆದೇ ಕರೆಯುತ್ತಾನೆ. ಕರೆಯುವವರೆಗೂ ಹಿಂದಿರುಗಿ ನೋಡಬಾರದು. ಹೊಸಬಳಿಗೆ ಈ ವಿದ್ಯೆ ಕಲಿಸಲೇಬೇಕೆಂದು ಅವ್ವ ಅಕ್ಕನನ್ನು ಭುಲೇಶ್ವರಕ್ಕೆ ಕರೆದುಕೊಂಡು ಹೋದಳು. ಚೀಲ ಹಿಡಿಯಲು ನಾನು.

ಅಕ್ಕನಿಗೆ ಬೇಕಾಗಿದ್ದು ಒಂದು ಹಿತ್ತಾಳೆಯ ಕೈಗಂಟೆ. ಅಂಗಡಿಯವನು ಬೆಲೆ ಹೇಳಿದ. ಅವ್ವ ಹೌಹಾರಿದಳು, ತಿರುಗಿ ನಡೆದಳು. ನಾನೂ ಹಿಂದೆ ನಡೆದೆ. ಓಣಿಯ ತಿರುವಿನವರೆಗೆ ಬಂದರೂ ಅವನು ಕರೆಯಲಿಲ್ಲ. ನೋಡಿದರೆ ಅಕ್ಕ ನಮ್ಮ ಜೊತೆಯಲ್ಲೇ ಇಲ್ಲ! ವಾಪಸು ಬಂದೆವು. ಅವಳು ಅಂಗಡಿಯ ಮೆಟ್ಟಿಲ ಮೇಲೆ ಆರಾಮಾಗಿ ಕೂತುಬಿಟ್ಟಿದ್ದಳು. ಒಂದೊಂದೇ ಗಂಟೆಯನ್ನು ಕಿವಿಯ ಹತ್ತಿರ ಬಾರಿಸಿ ಕೇಳುತ್ತಿದ್ದಳು. ನಡುನಡುವೆ ಅಂಗಡಿಯವನ ಮಕ್ಕಳೆಷ್ಟು, ಊರು ಯಾವುದು, ಮದುವೆ ಆದದ್ದು ಯಾವಾಗ ಎಂದು ವಿಚಾರಿಸುತ್ತಿದ್ದಳು. ಬೆಲೆಯ ಮಾತು ಬಂದಾಗಲೆಲ್ಲ ಅವನು ಹೇಳಿದ್ದರ ಅರ್ಧ ಹೇಳಿ ನಗುವುದು, ಮತ್ತೆ ಗಂಟೆ ಬಾರಿಸುವುದು. ಅವನು ತಲೆ ಚಚ್ಚಿಕೊಂಡ, ಬೈದ, ಆಮೇಲೆ ಚಹಾ ತರಿಸಿದ. ಚಹಾ ಕುಡಿಸಿದ ಮೇಲೆ ಹೆಚ್ಚು ಬೆಲೆ ಕೇಳಲು ಅವನಿಗೇ ನಾಚಿಕೆಯಾಯಿತೋ ಏನೋ, ಕೊಟ್ಟುಬಿಟ್ಟ. ಇಬ್ಬರೂ ನಗುನಗುತ್ತ ನಮಸ್ಕಾರ ಮಾಡಿಕೊಂಡರು.

"ನಮ್ಮಲ್ಲಿ ಎದ್ದು ಹೋಗೂದಿಲ್ಲ, ಅವ್ವ. ಎದ್ದು ಹೋದ್ರ ಅವರಿಗೆ ಬ್ಯಾಸರಾ. ಕೂಡಬೇಕು," ಅಂದಳು ಅಕ್ಕ, ಬರುವಾಗ ಟ್ರಾಮಿನಲ್ಲಿ.

ಅವ್ವ ಎದ್ದು ಹೋಗಿ ಗೆಲ್ಲುವವಳು, ಅಕ್ಕ ಕೂತು ಗೆಲ್ಲುವವಳು. ಅಂದಿನಿಂದ ಬಜಾರಿಗೆ ಇಬ್ಬರೂ ಜೋಡಿ. ಯಾವ ಅಂಗಡಿಗೆ ಯಾವ ಪದ್ಧತಿ ಎಂದು ಗುಸುಗುಸು ಮಾತಾಡಿಕೊಂಡು ಒಳಗೆ ಹೋಗುತ್ತಿದ್ದರು. ಅಕ್ಕನಿಗೆ ಇನ್ನೊಂದು ಗುಟ್ಟೂ ಗೊತ್ತಿತ್ತು. ದಾದರಿನ ಹೂವಿನ ಪೇಟೆಗೆ ಅವಳು ಬೆಳಕು ಹರಿಯುವ ಮೊದಲೇ ಹೋಗುತ್ತಿದ್ದಳು, ಮೊದಲ ಗಿರಾಕಿ ತಾನಾಗಬೇಕೆಂದು. ಬೋಣಿಗೆಯ ಗಿರಾಕಿಯನ್ನು ಯಾವ ವ್ಯಾಪಾರಿ ಬರಿಗೈಯಲ್ಲಿ ಕಳಿಸುತ್ತಾನೆ? ಅವರ ಊರಿನಲ್ಲೂ ಮೊದಲು ಬಂದ ದುಡ್ಡನ್ನು ಸಾಮಾನಿಗೆಲ್ಲ ಮುಟ್ಟಿಸುತ್ತಾರಂತೆ. ನಮಗೆ ಹೂವು ಮಾರುವ ಮಾವಶಿ ಬೋಣಿಗೆಯ ದುಡ್ಡನ್ನು ಕಣ್ಣಿಗೊತ್ತಿಕೊಳ್ಳುವುದನ್ನು ನೋಡಿ ಅಕ್ಕನಿಗೆ ತವರಿಗೆ ಬಂದಷ್ಟು ಖುಷಿ. ಸ್ವಲ್ಪ ದಿನದಲ್ಲೇ ಆ ಮಾವಶಿ, ಅಕ್ಕನ ಕೈಗುಣ ದೊಡ್ಡದು, ಅವಳು ಬೋಣಿಗೆ ಮಾಡಿದ ದಿನ ಬುಟ್ಟಿ ಬೇಗ ಖಾಲಿಯಾಗುತ್ತದೆ ಎನ್ನತೊಡಗಿದಳು. ಅಕ್ಕನನ್ನು ದೂರದಿಂದ ಕಂಡರೆ ಸಾಕು, "ಯೇ ಗ ಪೋರಿ, ಬೋಹನಿ ಕರ!" ಎಂದು, ಬಾರೇ ಹುಡುಗಿ ಬೋಣಿಗೆ ಮಾಡು ಎಂದು ಕೂಗುತ್ತಿದ್ದಳು. ಆ ಕೂಗು ಕೇಳಿದಾಗ ಪಕ್ಕದಲ್ಲಿ ನಡೆಯುತ್ತಿದ್ದ ನನಗೆ ಎಷ್ಟು ಹೆಮ್ಮೆ! ಇಡೀ ಪೇಟೆಯೇ ನಮ್ಮ ಮನೆಯವಳನ್ನು ಕಾಯುತ್ತಿದೆ ಅನ್ನಿಸುತ್ತಿತ್ತು.

ಭಾನುವಾರ ದೇವಸ್ಥಾನ. ಮಹಾಲಕ್ಷ್ಮಿ, ವಾಳಕೇಶ್ವರದ ಕೆರೆ, ಮುಂಬಾದೇವಿ... ಮುಂಬಯಿಯಲ್ಲಿ ಇಷ್ಟು ದೇವರಿದ್ದಾರೆಂದು ನನಗೆ ಗೊತ್ತಾದದ್ದೇ ಅವಳಿಂದ. ಒಂದು ಭಾನುವಾರ ಲೋಕಲ್ ಹತ್ತಿ ಅಂಬರನಾಥಕ್ಕೆ ಹೋದೆವು. ಕಲ್ಲಿನ ಹಳೆಯ ಶಿವಾಲಯ. ಅಕ್ಕ ಗೋಡೆಯ ಒಂದೊಂದು ಗೊಂಬೆಯ ಮುಂದೆಯೂ ನಿಂತಳು. ಅವ್ವ ತಂದ ಅವಲಕ್ಕಿ ಆರಿ ಹೋಯಿತು, ಅಪ್ಪ ಮರದಡಿ ಒಂದು ನಿದ್ದೆ ತೆಗೆದರು. ಕೊನೆಗೆ ನೆಲಮಟ್ಟಕ್ಕಿಂತ ಕೆಳಗಿರುವ ಗರ್ಭಗುಡಿಗೆ ಇಳಿದು ಅವಳು ನೆಲದ ಮೇಲೆ ಕೂತಳು. ಒಂದು ಹೂವನ್ನು ಎರಡೂ ಕೈಬೆರಳುಗಳ ತುದಿಯಲ್ಲಿ ಹಿಡಿದು, ಹಣೆಗಿಂತ ಮೇಲೆ ಎತ್ತಿ ಕಣ್ಣು ಮುಚ್ಚಿದಳು. ಹಾಗೆ ಕೈ ಮುಗಿಯುವುದನ್ನು ನಾವು ಕಂಡಿರಲಿಲ್ಲ. ಪೂಜಾರಿಯೂ ಕಂಡಿರಲಿಲ್ಲ. ಅವರು ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು ಮೊದಲು ಅವಳಿಗೇ ತೀರ್ಥ ಕೊಟ್ಟರು. ಅವ್ವ ಸೆರಗು ಸರಿಮಾಡಿಕೊಂಡು ಸುತ್ತಲಿನವರನ್ನೆಲ್ಲ ಒಮ್ಮೆ ನೋಡಿದಳು, ಮಗಳು ಪರೀಕ್ಷೆ ಪಾಸಾದ ತಾಯಿಯ ಹಾಗೆ.

ತಮ್ಮ ಊರಿನ ದೇವಸ್ಥಾನಗಳಿಗೆ ಚಾವಣಿಯೇ ಇಲ್ಲ, ಬಯಲು ಅಂಗಳ ಎಂದು ಅವಳು ಹೇಳುತ್ತಿದ್ದಳು. ಎತ್ತರದಲ್ಲಿ ಕಲ್ಲಿನದೊಂದು ಪೀಠ, ಅದರ ಮೇಲೆ ಮೂರ್ತಿ ಇಲ್ಲ, ಬರೀ ಖಾಲಿ. "ಖಾಲಿ ಯಾಕ?" ಎಂದು ನಾನು ಕೇಳಿದೆ. "ದೇವರು ಬಂದ್ರ ಕೂಡಬೇಕಲ್ಲ?" ಅಂದಳು. ನನಗೆ ಆಗ ಅದು ನಗೆಯಾಗಿ ಕಂಡಿತ್ತು.

ಗರಿಯ ತಟ್ಟೆಯನ್ನು ಅವಳು ದಿನಾ ಬೆಳಿಗ್ಗೆ ಮಾಡುತ್ತಿದ್ದಳು. ಎಳನೀರು ಮಾರುವವನಿಂದ ಗರಿ. ಚುಚ್ಚಲು ಮೊದಲ ದಿನ ನಮ್ಮ ಕಸಬರಗಿಯ ಕಡ್ಡಿಯನ್ನೇ ಮುರಿದಿದ್ದಳು, ಅವ್ವ ಹೌಹಾರಿ ಹೊಸದೊಂದು ಕಡ್ಡಿ ಕಸಬರಗಿ ತಂದು, ಕಸಕ್ಕೆ ಮುಟ್ಟಿಸದೆ ದೇವರ ಗೂಡಿನ ಪಕ್ಕದಲ್ಲಿ ಅವಳಿಗೆಂದೇ ಇಟ್ಟಳು. ತಟ್ಟೆಯಲ್ಲಿ ನಾಲ್ಕು ಹೂವು, ಚೂರು ಅನ್ನ, ಚಿಟಿಕೆ ಉಪ್ಪು, ಒಂದು ಊದುಬತ್ತಿ. ನಾವು ಉಣ್ಣುವ ಮೊದಲು ಅದನ್ನು ಇಡಬೇಕು. ಕಡ್ಡಿ ಚುಚ್ಚುವುದನ್ನು ನನಗೂ ಕಲಿಸಿದ್ದಳು. ಮೊದಮೊದಲು ಅವಳು ಅದನ್ನು ತನ್ನ ಖೋಲಿಯ ಒಳಗೇ ಇಡುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಅವರ ಕಡೆಯ ಯಾವುದೋ ಹಬ್ಬ ಬಂತು. ಆಗಿನಿಂದ ಬಾಗಿಲಾಚೆ, ಗ್ಯಾಲರಿಯ ನೆಲದ ಮೇಲೆ ಇಡತೊಡಗಿದಳು.

ಅಲ್ಲಿಂದ ತಕರಾರು ಶುರುವಾಯಿತು. ದೃಷ್ಟಿ ನಿವಾಳಿಸಿ ಅನ್ನ, ಹೂವುಗಳನ್ನು ಎಲೆಯಲ್ಲಿಟ್ಟು ದಾರಿಯಲ್ಲಿ ಬಿಟ್ಟು ಬರುವುದಕ್ಕೆ ಮರಾಠಿಯವರು ಉತಾರಾ ಅನ್ನುತ್ತಾರೆ. ಅದನ್ನು ದಾಟಿದವರಿಗೆ ಆ ಪೀಡೆ ಅಂಟಿಕೊಳ್ಳುತ್ತದೆಂಬ ಭಯ. ನಮ್ಮ ಧಾರವಾಡದ ಕಡೆಯೂ ಈ ಭಯ ಇಲ್ಲದಿಲ್ಲ. ಗ್ಯಾಲರಿಯ ನೆಲದ ಮೇಲೆ ದಿನಾ ಎಲೆ, ದಿನಾ ಅನ್ನ, ದಿನಾ ಹೂವು! ಮೂಲೆ ಖೋಲಿಯ ಕಾಕೂ ನಮ್ಮ ಮಾಳಿಗೆಯ ಹಿರಿಯ ಮುತ್ತೈದೆ, ಅವರ ಯಜಮಾನರು ಚಾಳಿನ ಪಂಚರಲ್ಲಿ ಮುಖ್ಯರು. ಒಂದು ದಿನ ಅವರ ಮೊಮ್ಮಗ ಆಡುತ್ತ ಓಡುತ್ತ ಆ ತಟ್ಟೆಯನ್ನು ತುಳಿದ. ಮರುದಿನ ಅವನಿಗೆ ಜ್ವರ. ಚಳಿಗಾಲ, ಅರ್ಧ ಚಾಳಿಗೇ ನೆಗಡಿ ಜ್ವರ ಇತ್ತು. ಆದರೆ ಕಾಕೂ ಗ್ಯಾಲರಿಯಲ್ಲಿ ನಿಂತು, "ಉತಾರಾ ಆಹೇ, ಉತಾರಾ! ಚೀನೀ ಬಾಯಿ ಕರಣೀ ಕರತೇ!" ಎಂದು, ಮಾಟ ಮಾಡುತ್ತಾಳೆಂದು ಕೂಗಿದರು. ಒಂದೊಂದೇ ಬಾಗಿಲಲ್ಲಿ ತಲೆಗಳು ಕಂಡವು. ನಮ್ಮ ಮುಂದೆ ನೀರಿಗೆ ಸರದಿ ನಿಲ್ಲುತ್ತಿದ್ದವರು ಮಕ್ಕಳನ್ನು ಒಳಗೆಳೆದುಕೊಂಡರು.

ಸಂಜೆ ಕಾಕೂ ಯಜಮಾನರು ಅಪ್ಪನನ್ನು ಕರೆಸಿ ಹೇಳಿದರು. ಒಂದೋ ಆ ಎಲೆ ನಿಲ್ಲಬೇಕು, ಇಲ್ಲಾ ಆ ಹುಡುಗಿ ಹೋಗಬೇಕು. ಎರಡೂ ಆಗದಿದ್ದರೆ ಚಾಳಿನವರು ನಿಮ್ಮ ಮನೆಯ ಜೊತೆ ಕೊಡುಕೊಳ್ಳುವುದು ಬಿಡುತ್ತಾರೆ. ಗಟ್ಟಿ ದನಿಯವರಲ್ಲದ ಅಪ್ಪ ಮನೆಗೆ ಬಂದು ಕೋಟು ಬಿಚ್ಚದೆ ಕೂತರು.

ಒಳಗೇ ಇಟ್ಟರಾಗದೇ ಎಂದು ಅವ್ವ ಅಕ್ಕನನ್ನು ಕೇಳಿದಳು. ಮೇಲಿನ ದೇವರಿಗೆ ಒಳಗೆ ಇಡಬಹುದು, ಅಕ್ಕ ಹೇಳಿದಳು. ಆದರೆ ಇದು ಕೆಳಗಿನವರಿಗೆ, ನೆಲದಲ್ಲಿ ಓಡಾಡುವವರಿಗೆ. ಅವರ ಹೊಟ್ಟೆ ತುಂಬಿದರೆ ಮಕ್ಕಳಿಗೆ, ಮನೆಗೆ ತೊಂದರೆ ಕೊಡುವುದಿಲ್ಲ. ಅದಕ್ಕೇ ಬಾಗಿಲಾಚೆ. "ಈ ಚಾಳಿನ ಕೂಸುಗಳ ಸಲುವಾಗಿನೂ ಇಡ್ತೇನಿ ನಾ," ಅಂದಳು. ಅಷ್ಟು ಹೇಳಿ ಎದ್ದು ತನ್ನ ಖೋಲಿಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಸೀರೆಗಳ ಮೇಲೆ ಆ ಹಿತ್ತಾಳೆ ಗಂಟೆಯನ್ನು ಸದ್ದಾಗದಂತೆ ಬಟ್ಟೆ ಸುತ್ತಿ ಇಡುತ್ತಿದ್ದಳು. ಮತ್ತೆ ಹಾಸ್ಟೆಲಿಗೆ ಹೋದರೆ ಅವಳು ಉಣ್ಣುವುದಿಲ್ಲ, ಸೊರಗಿ ಊರಿಗೆ ಹೊರಟುಬಿಡುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ನಾನು ಜೋರಾಗಿ ಅಳಲು ಶುರುಮಾಡಿದೆ.

ನನ್ನ ಅಳು ಕೇಳಿ ಅವ್ವ ಬಂದಳು. ಟ್ರಂಕು ನೋಡಿದಳು. ಬೈಯುವ ಹೊತ್ತಿಗೆ ಅವಳ ದನಿ ಯಾವಾಗಲೂ ಸಣ್ಣದಾಗುತ್ತಿತ್ತು.

"ಬಜಾರದಾಗ ಕೂತು ಗೆದ್ದಾಕಿ ನೀ. ಇಲ್ಲಿ ಯಾಕ ಎದ್ದು ಹೊಂಟೀ? ಕೂಡು!"

ಅಕ್ಕ ಟ್ರಂಕಿನ ಪಕ್ಕದಲ್ಲೇ ಕೂತಳು. ಆಮೇಲೆ ಅವಳೂ ಅತ್ತಳು.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಅವ್ವ ಬಾಗಿಲ ಮುಂದೆ ಬಗ್ಗಿ ರಂಗೋಲಿ ಹಾಕುತ್ತಿದ್ದಳು. ದಿನಾ ಹಾಕುವ ನಾಲ್ಕೆಳೆಯ ರಂಗೋಲಿ ಅಲ್ಲ, ಹಬ್ಬಕ್ಕೆ ಹಾಕುವಂಥ ದೊಡ್ಡ ಪದ್ಮ. ನಡುವೆ ಅಂಗೈಯಗಲ ಜಾಗ ಬಿಟ್ಟಿದ್ದಳು. ಅದಕ್ಕೆ ಅರಿಶಿನ ಕುಂಕುಮ ಏರಿಸಿ, ಅಕ್ಕನ ಕೈಯಿಂದ ಗರಿಯ ತಟ್ಟೆಯನ್ನು ತೆಗೆದುಕೊಂಡು ತಾನೇ ಅಲ್ಲಿ ಇಟ್ಟಳು. ಪಕ್ಕದಲ್ಲಿ ಮಣೆ ಹಾಕಿ, ಕುಂಕುಮದ ಭರಣಿಯನ್ನೂ ಮೊರದಲ್ಲಿ ಅಕ್ಕಿಯನ್ನೂ ಇಟ್ಟುಕೊಂಡು ಅಕ್ಕಿ ಆರಿಸುತ್ತ ಕೂತುಬಿಟ್ಟಳು. ಅಕ್ಕನನ್ನೂ ಪಕ್ಕಕ್ಕೆ ಕೂಡಿಸಿದಳು. ಉತಾರಾಕ್ಕೆ ಯಾರಾದರೂ ರಂಗೋಲಿ ಹಾಕುತ್ತಾರೆಯೇ? ಮಾಟದ ಪಕ್ಕದಲ್ಲಿ ಯಾರಾದರೂ ಅಕ್ಕಿ ಆರಿಸುತ್ತಾರೆಯೇ?

ಗ್ಯಾಲರಿಯಲ್ಲಿ ಬರುವವರು ದೂರದಲ್ಲೇ ನಿಂತರು. ಮೊದಲು ಬಂದವಳು ಹೂವಿನ ಮಾವಶಿ. ಅಕ್ಕ ಬೋಣಿಗೆಗೆ ಬಾರದ್ದನ್ನು ಕಂಡು ಅವಳು ಕೇಳಿದಾಗ, ನಡೆದ ಕಥೆಯನ್ನು ಪೇಟೆಯಲ್ಲೇ ಯಾರೋ ಅವಳ ಕಿವಿಗೆ ಹಾಕಿದ್ದರು. ಅವಳು ಪೇಟೆಯಲ್ಲಿ ಕೂಡುವುದನ್ನು ಬಿಟ್ಟು ಬುಟ್ಟಿ ಹೊತ್ತು ಮೇಲೆ ಬಂದಿದ್ದಳು. ಬುಟ್ಟಿ ಇಳಿಸಿ, ಎಲ್ಲರಿಗೂ ಕೇಳುವ ಹಾಗೆ, "ಬೋಹನಿ ಕರ, ಪೋರಿ," ಅಂದಳು. ಅಕ್ಕ ಒಂದು ಮೊಳ ಹೂವು ಕೊಂಡಳು. ಮಾವಶಿ ದುಡ್ಡು ಕಣ್ಣಿಗೊತ್ತಿಕೊಂಡು ಹೊರಟಳು.

ಆಮೇಲೆ ಕಾಕೂ ಬಂದರು. ನಲ್ಲಿಗೆ ಹೋಗಬೇಕಾದರೆ ನಮ್ಮ ಬಾಗಿಲು ದಾಟಲೇಬೇಕು. ಕೊಡ ಹಿಡಿದು ರಂಗೋಲಿಯ ಅಂಚಿನಲ್ಲಿ ನಿಂತರು. ಅವ್ವ ಮೊರ ಪಕ್ಕಕ್ಕಿಟ್ಟು, ಭರಣಿ ತೆರೆದು, "ಯಾ ಕಾಕೂ, ಕುಂಕುಮ ಘ್ಯಾ," ಎಂದಳು. ಕುಂಕುಮ ಹಚ್ಚಿಕೊಳ್ಳಲು ಕರೆದರೆ ಯಾವ ಮುತ್ತೈದೆ ಬೇಡ ಅಂದಾಳು? ಬೇಡ ಅಂದರೆ ಅದು ತನ್ನ ಗಂಡನಿಗೇ ಕೇಡು ಬಯಸಿದ ಹಾಗೆ. ಕಾಕೂ ಅವ್ವನನ್ನು ನೋಡಿದರು, ತಟ್ಟೆಯನ್ನು ನೋಡಿದರು, ಸಿಕ್ಕಿಬಿದ್ದೆನಲ್ಲ ಎಂಬಂತೆ ತುಟಿ ಕಚ್ಚಿದರು. ಕೊಡ ಕೆಳಗಿಟ್ಟು ಬಗ್ಗಿದರು. ಅವ್ವ ಅರಿಶಿನ ಕುಂಕುಮ ಹಚ್ಚಿದಳು. ಅಕ್ಕ ಆಗ ತಾನೇ ಕೊಂಡ ಹೂವನ್ನು ಕಾಕೂ ಮುಡಿಗೆ ಮುಡಿಸಿದಳು.

"ಪೋರಾಚಾ ತಾಪ ಕಸಾ ಆಹೇ?" ಎಂದು ಅವಳು ಮೆಲ್ಲಗೆ ಕೇಳಿದಳು, ಹುಡುಗನ ಜ್ವರ ಹೇಗಿದೆಯೆಂದು.

"ಉತರಲಾ," ಅಂದರು ಕಾಕೂ, ಬೇರೆ ಕಡೆ ನೋಡುತ್ತ. ರಾತ್ರಿಯೇ ಇಳಿದಿತ್ತಂತೆ.

ಕಾಕೂ ಹಚ್ಚಿಕೊಂಡ ಮೇಲೆ ಉಳಿದವರು ಯಾಕೆ ಬಿಡುತ್ತಾರೆ? ಒಬ್ಬೊಬ್ಬರೇ ಬಂದರು. ಮಧ್ಯಾಹ್ನದ ಹೊತ್ತಿಗೆ ಭರಣಿಯ ಕುಂಕುಮ ಮುಗಿಯಿತು, ಅಕ್ಕಿ ಇನ್ನೂ ಆರಿಸಿ ಮುಗಿದಿರಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಊಟ ಬಹಳ ತಡವಾಯಿತು, ಯಾರೂ ತಕರಾರು ಮಾಡಲಿಲ್ಲ. ಅಪ್ಪ ಆಫೀಸಿನಿಂದ ಬಂದು ಸಂಗತಿ ಕೇಳಿ, ನಮ್ಮ ಅವ್ವನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಇಷ್ಟು ವರ್ಷವಾದರೂ ಆ ಬೆಳಿಗ್ಗೆ ನೆನಪಾದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಓದು ಬರಹ ಹೆಚ್ಚಿಲ್ಲದ ನನ್ನ ಅವ್ವ ಜಗಳವಾಡದೆ, ಕೈ ಮುಗಿಯದೆ, ಬರೀ ಕೂತು ಒಂದು ಚಾಳನ್ನು ಬಗ್ಗಿಸಿದಳು. ಆ ಕೂಡುವುದನ್ನು ಅವಳಿಗೆ ಕಲಿಸಿದವಳು ನಮ್ಮ ಅಕ್ಕ. ಇಬ್ಬರ ಬಗೆಗೂ ನನಗೆ ಹೆಮ್ಮೆ.

ಓದು ಮುಗಿಯುವವರೆಗೂ ಅಕ್ಕ ನಮ್ಮಲ್ಲೇ ಇದ್ದಳು. ಬಾಗಿಲ ರಂಗೋಲಿಯ ನಡುವೆ ಅಂಗೈಯಗಲದ ಜಾಗವೂ ಇತ್ತು. ಹೊರಡುವ ದಿನ ಬಂದರಿಗೆ ಕಾಕೂ ಕೂಡ ಬಂದರು, ಮೊಮ್ಮಗನ ಕೈ ಹಿಡಿದುಕೊಂಡು. ಮನೆಯಿಂದ ಹೊರಡುವಾಗ ಅವ್ವ ಅವಳಿಗೆ ಗುಳೇದಗುಡ್ಡದ ಖಣ, ತೆಂಗಿನಕಾಯಿ, ಅಕ್ಕಿ ಹಾಕಿ ಉಡಿ ತುಂಬಿದಳು. ಮದುವೆಯಾಗದ ಹುಡುಗಿಗೆ ಉಡಿ ತುಂಬುವುದೇ ಎಂದು ಯಾರೋ ಅಂದರು. "ತವರುಮನಿಯಿಂದ ಹೊಂಟಾಳ, ಬರಿಗೈಲೆ ಕಳಸ್ಲಿ?" ಎಂದು ಅವ್ವ ಅವರ ಬಾಯಿ ಮುಚ್ಚಿಸಿದಳು. ಹಡಗಿನ ಮೆಟ್ಟಿಲು ಹತ್ತುವಾಗ ಅಕ್ಕ ಸೆರಗಿನ ಆ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಕೈ ಬೀಸಲು ಆಗದೆ ತಲೆ ಆಡಿಸುತ್ತಿದ್ದಳು...

ಕೆಲವು ವರ್ಷ ಕಾಗದಗಳು ಬರುತ್ತಿದ್ದವು. ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಳೆ, ಬಾಗಿಲಲ್ಲಿ ತಟ್ಟೆ ಇಡುವಾಗ ಸುತ್ತಲೂ ರಂಗೋಲಿ ಹಾಕುತ್ತಾಳೆ, ಅಲ್ಲಿನವರು ಇದೇನು ಹೊಸದು ಎಂದು ನಗುತ್ತಾರೆ ಎಂದು ಒಮ್ಮೆ ಬರೆದಿದ್ದಳು. ಅರವತ್ತರ ದಶಕದ ನಡುವೆ ಅವರ ನಾಡಿನಲ್ಲಿ ದೊಡ್ಡ ಗಲಭೆ, ಬಹಳ ಜನ ಸತ್ತರು ಎಂದು ಪೇಪರಿನಲ್ಲಿ ಬಂತು. ಆಮೇಲೆ ಕಾಗದ ಬರಲಿಲ್ಲ. ಅವ್ವ ಬರೆಸಿದ್ದಕ್ಕೂ ಉತ್ತರ ಬರಲಿಲ್ಲ. ಬಹಳ ದಿನ ಅವ್ವ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಬಾಗಿಲಲ್ಲೇ ಅಕ್ಕಿ ಆರಿಸುತ್ತಿದ್ದಳು. ಈಗ ಅವ್ವನೂ ಇಲ್ಲ, ಆ ಚಾಳೂ ಇಲ್ಲ, ಅಲ್ಲಿ ಎತ್ತರದ ಬಿಲ್ಡಿಂಗ್ ನಿಂತಿದೆ. ಅಕ್ಕ ಏನಾದಳು ಎಂದು ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ಮೊಮ್ಮಗಳ ತಟ್ಟೆಯನ್ನು ನಾನು ಷೋಕೇಸಿನಲ್ಲಿ ಇಡಲು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಫ್ಲ್ಯಾಟಿನ ಬಾಗಿಲ ಹೊರಗೆ, ಲಿಫ್ಟಿನ ಎದುರು, ಕುರ್ಚಿಯಲ್ಲಿ ಕೂತೇ ಬಗ್ಗಿ ಒಂದು ರಂಗೋಲಿ ಎಳೆದೆ. ಪದ್ಮ ಸೊಟ್ಟಗಾಯಿತು. ನಡುವೆ ತಟ್ಟೆ ಇಟ್ಟು ಹೂವು, ಚೂರು ಅನ್ನ, ಚಿಟಿಕೆ ಉಪ್ಪು ಹಾಕಿದೆ. ಎದುರು ಫ್ಲ್ಯಾಟಿನ ಹುಡುಗಿ ಆಫೀಸಿಗೆ ಹೊರಟವಳು ನಿಂತು, "ಆಂಟೀ, ಯೇ ಕ್ಯಾ ಹೈ?" ಎಂದಳು. ಮುಖದಲ್ಲಿ ಸಣ್ಣ ಅನುಮಾನ. ನಾನು ಮಡಿಲಲ್ಲಿದ್ದ ಕುಂಕುಮದ ಭರಣಿ ತೆರೆದೆ. ಅವಳು ನಕ್ಕು ಹಣೆ ಬಗ್ಗಿಸಿದಳು, ಹಚ್ಚಿಸಿಕೊಂಡು ಲಿಫ್ಟ್ ಹತ್ತಿದಳು.

"ಅಜ್ಜೀ, ಎಷ್ಟು ಹೊತ್ತು ಹೊರಗೆ? ಒಳಗೆ ಆ ಜಾ," ಮೊಮ್ಮಗಳು ಬಾಗಿಲಿಂದ ಕರೆದಳು.

"ಇನ್ನೊಂದು ಕುರ್ಚಿ ತೊಗೊಂಡ್ ಬಾ," ಅಂದೆ.

ಅವಳು ತಂದು ನನ್ನ ಪಕ್ಕಕ್ಕೆ ಹಾಕಿ, ತಾನೇ ಕೂಡಲು ಹೋದಳು. ಬೇಡ, ಅದು ಖಾಲಿ ಇರಲಿ ಎಂದೆ. ಯಾಕೆ ಎಂದು ಅವಳು ಕೇಳಿದಳು. "ಅಕ್ಕ ಬಂದ್ರ ಕೂಡಬೇಕಲ್ಲ?" ಅಂದೆ. ಅವಳು ಒಂದು ಕ್ಷಣ ನನ್ನನ್ನು ನೋಡಿ, ಹೊಸ್ತಿಲ ಮೇಲೆ ಕೂತಳು.